ಕರುಳಿನೊಳಗೆ ಒಳ್ಳೆಯವರು, ಕೆಟ್ಟವರು ಎಂಬ ಲೆಕ್ಕ

ವರ್ಷಕ್ಕೆ ಎರಡು ಸಲ ನಮ್ಮ ಶಾಲೆ, ಅಂಗನವಾಡಿಗಳಲ್ಲಿ ಮಕ್ಕಳ ಕೈಗೆ ಆಲ್ಬೆಂಡಜೋಲ್ ಮಾತ್ರೆ ಕೊಟ್ಟು ಅಗಿಸುತ್ತಾರೆ. 2015ರಿಂದ ನಡೆದುಬಂದಿರುವ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಕೆಲಸ ಅದು. ಅದೇ ಮಕ್ಕಳ ಮನೆಯ ಟೀವಿಯಲ್ಲಿ ‘ಒಳ್ಳೆಯ ಬ್ಯಾಕ್ಟೀರಿಯಾ’ ತುಂಬಿದ ಪುಟ್ಟ ಬಾಟಲಿಯ ಜಾಹೀರಾತು ಬರುತ್ತದೆ. ಇವೆರಡೂ ಸೇರಿ ನಮ್ಮ ತಲೆಯಲ್ಲಿ ಒಂದು ಸುಲಭದ ಲೆಕ್ಕ ಕೂರಿಸಿಬಿಟ್ಟಿವೆ: ಕರುಳಿನಲ್ಲಿ ಹುಳು ಶತ್ರು, ಬ್ಯಾಕ್ಟೀರಿಯಾ ಮಿತ್ರ, ಒಂದನ್ನು ಕೊಂದು ಇನ್ನೊಂದನ್ನು ಕುಡಿದರೆ ಆರೋಗ್ಯ. ಓದಿಕೊಂಡವರ ನಡುವೆ ಈಚೆಗೆ ಇದರ ತಲೆಕೆಳಗಾದ ರೂಪವೂ ಚಾಲ್ತಿಯಲ್ಲಿದೆ. ಹುಳುಗಳು ನಮ್ಮ ಹಳೆಯ ಗೆಳೆಯರು, ಅವನ್ನು ಓಡಿಸಿದ್ದಕ್ಕೇ ಅಲರ್ಜಿ, ಅಸ್ತಮಾ ಬಂದವು ಎನ್ನುವ ವಾದ ಅದು. ಎರಡೂ ತಪ್ಪು. ಎರಡರ ತಪ್ಪೂ ಒಂದೇ: ಹುಳುವನ್ನೂ ಬ್ಯಾಕ್ಟೀರಿಯಾವನ್ನೂ ಬೇರೆ ಬೇರೆ ನಿಲ್ಲಿಸಿ ತೀರ್ಪು ಕೊಡುವುದು.

ಚಾಟಿಹುಳುವನ್ನೇ ನೋಡಿ. ಇಲಿಗಳಲ್ಲಿ ವಾಸಿಸುವ ಚಾಟಿಹುಳುವಿನ ಮೊಟ್ಟೆ ಒಡೆಯುವುದು ಹೇಗೆ ಎಂಬುದನ್ನು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ತೋರಿಸಿಕೊಟ್ಟರು. ಮೊಟ್ಟೆಗೆ ದೇಹದ ಬಿಸಿ ಸಿಕ್ಕರೆ ಸಾಲದು, ಬ್ಯಾಕ್ಟೀರಿಯಾ ಬಂದು ಅದಕ್ಕೆ ಅಂಟಿಕೊಳ್ಳಬೇಕು. ಬಹುತೇಕ ಆರೋಗ್ಯವಂತರ ಕರುಳಿನಲ್ಲಿ ಇರುವ ಇ. ಕೋಲಿಯಂಥ ಸಾಧಾರಣ ಬ್ಯಾಕ್ಟೀರಿಯಾ ಮೊಟ್ಟೆಯ ತುದಿಗೆ ಹತ್ತಿಕೊಂಡಾಗ ಮರಿ ಹೊರಬರುತ್ತದೆ. ಆಂಟಿಬಯಾಟಿಕ್ ಕೊಟ್ಟು ಬ್ಯಾಕ್ಟೀರಿಯಾ ಕಡಿಮೆ ಮಾಡಿದ ಇಲಿಗಳಲ್ಲಿ ನೆಲೆಯೂರಿದ ಹುಳುಗಳೂ ಕಡಿಮೆ. ಅದೇ ಹುಳುವಿನ ಮೇಲೆ 2018ರಲ್ಲಿ ಬಂದ ಮತ್ತೊಂದು ಅಧ್ಯಯನ ಇನ್ನೂ ಮುಂದೆ ಹೋಯಿತು. ಒಮ್ಮೆ ನೆಲೆಯೂರಿದ ಹುಳು ಕರುಳಿನ ಬ್ಯಾಕ್ಟೀರಿಯಾಗಳ ಸಮುದಾಯವನ್ನೇ ಬದಲಿಸುತ್ತದೆ, ಆಮೇಲೆ ಬರುವ ಮೊಟ್ಟೆಗಳು ಸರಿಯಾಗಿ ಒಡೆಯುವುದಿಲ್ಲ. ಹುಳುವಿಗೆ ಬಾಗಿಲು ತೆರೆದದ್ದು ಬ್ಯಾಕ್ಟೀರಿಯಾ, ಎರಡನೆಯ ಹುಳುವಿಗೆ ಬಾಗಿಲು ಮುಚ್ಚಿದ್ದು ಮೊದಲ ಹುಳು. ಇಲ್ಲಿ ಮಿತ್ರ ಯಾರು?

ಆಮಶಂಕೆಯ ಅಮೀಬಾದ ಕಥೆ ಇದಕ್ಕಿಂತ ಹಳೆಯದು. 1955ರಲ್ಲಿ ಅಮೆರಿಕದಲ್ಲಿ ಬ್ರೂಸ್ ಫಿಲಿಪ್ಸ್ ಮತ್ತು ಸಂಗಡಿಗರು, ಒಂದೂ ಸೂಕ್ಷ್ಮಾಣು ಇಲ್ಲದಂತೆ ಬೆಳೆಸಿದ ಗಿನಿ ಹಂದಿಗಳ ಕರುಳಿಗೆ ಈ ಅಮೀಬಾ ಸೇರಿಸಿದರು. ರೋಗ ಬರಲಿಲ್ಲ. ಕರುಳಿನಲ್ಲಿ ಬ್ಯಾಕ್ಟೀರಿಯಾ ಇದ್ದ ಗಿನಿ ಹಂದಿಗಳಿಗೆ ಬಂತು. ಔಷಧಿ ಅಂಗಡಿಯವರು ‘ಅಮೀಬಾ ಆಗಿದೆ’ ಎಂದು ಒಂದೇ ಮಾತಿನಲ್ಲಿ ಮುಗಿಸುವ ರೋಗಕ್ಕೆ ಅಮೀಬಾ ಒಂದೇ ಸಾಲುವುದಿಲ್ಲ ಎನ್ನುವುದು ಆಗಲೇ ಗೊತ್ತಾಗಿತ್ತು.

ಹಾಗೆಂದು ಬ್ಯಾಕ್ಟೀರಿಯಾವೇ ಖಳನಾಯಕ ಎನ್ನಲೂ ಆಗದು. ಜಿಯಾರ್ಡಿಯಾ ಎಂಬ ಪರಾವಲಂಬಿಯನ್ನು 2000ದಲ್ಲಿ ಪರೀಕ್ಷಿಸಿದ ಸಿಂಗರ್ ಮತ್ತು ನ್ಯಾಶ್ ಅವರಿಗೆ ಒಂದು ವಿಚಿತ್ರ ಕಂಡಿತು. ಆನುವಂಶಿಕವಾಗಿ ಒಂದೇ ಬಗೆಯ ಇಲಿಗಳು. ಒಂದು ಸಾಕಣೆ ಕೇಂದ್ರದಿಂದ ಬಂದವಕ್ಕೆ ಸೋಂಕು ಹತ್ತುತ್ತದೆ, ಇನ್ನೊಂದು ಕೇಂದ್ರದವಕ್ಕೆ ಹತ್ತುವುದಿಲ್ಲ. ಎರಡನ್ನೂ ಒಂದೇ ಪಂಜರದಲ್ಲಿಟ್ಟಾಗ ಮೊದಲಿನವೂ ಸೋಂಕು ತಡೆಯುವುದನ್ನು ಕಲಿತವು. ಆಂಟಿಬಯಾಟಿಕ್ ಕೊಟ್ಟಾಗ ಆ ಶಕ್ತಿ ಹೋಯಿತು. ಚಾಟಿಹುಳುವಿಗೆ ನೆರವಾಗುವ ಬ್ಯಾಕ್ಟೀರಿಯಾ ಸಮುದಾಯ ಜಿಯಾರ್ಡಿಯಾಕ್ಕೆ ಅಡ್ಡಗಾಲು ಹಾಕಬಲ್ಲದು. ‘ಒಳ್ಳೆಯ’ ಎಂಬ ಚೀಟಿಯನ್ನು ಬಾಟಲಿಗೆ ಅಂಟಿಸುವುದು ಸುಲಭ, ಕರುಳಿಗೆ ಅಂಟಿಸುವುದು ಕಷ್ಟ.

ಇನ್ನು ‘ಹಳೆಯ ಗೆಳೆಯರ’ ಪಕ್ಷದವರ ಕೈಯಲ್ಲೂ ಗಟ್ಟಿ ಸಾಕ್ಷ್ಯವಿದೆ, ಅದನ್ನು ಅಲ್ಲಗಳೆಯಬಾರದು. 2016ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ತಂಡ, ನೋಡ್2 ಎಂಬ ಜೀನ್ ಇಲ್ಲದ, ಕರುಳಿನ ಉರಿಯೂತಕ್ಕೆ ಸುಲಭವಾಗಿ ತುತ್ತಾಗುವ ಇಲಿಗಳಿಗೆ ಚಾಟಿಹುಳು ಹತ್ತಿಸಿತು. ಹುಳುವಿನ ವಿರುದ್ಧ ಎದ್ದ ಪ್ರತಿರೋಧದಿಂದ ಕರುಳಿನ ಲೋಳೆ ಹೆಚ್ಚಿತು, ಕ್ಲಾಸ್ಟ್ರಿಡಿಯಾ ಗುಂಪಿನ ಬ್ಯಾಕ್ಟೀರಿಯಾ ಬೆಳೆದವು, ಉರಿಯೂತ ತರುವ ಬ್ಯಾಕ್ಟೀರಾಯ್ಡಿಸ್ ಹಿಂದೆ ಸರಿಯಿತು. ಮಲೇಷ್ಯಾದ ಒರಾಂಗ್ ಅಸ್ಲಿ ಬುಡಕಟ್ಟಿನವರಿಗೆ ಜಂತುಹುಳು ಮಾತ್ರೆ ಕೊಟ್ಟಾಗ ಈ ಎರಡು ಗುಂಪುಗಳ ಏರಿಳಿತ ತಿರುವುಮುರುವಾದದ್ದೂ ಅದೇ ಪ್ರಬಂಧದಲ್ಲಿದೆ.

ಆದರೆ ಇಲಿಯ ಒಂದು ಜೀನ್ ಕಿತ್ತು ಕಂಡದ್ದನ್ನು ಮನುಷ್ಯರ ಔಷಧ ಮಾಡಲು ಹೊರಟರೆ? ಅದನ್ನೂ ಮಾಡಿ ನೋಡಿದ್ದಾರೆ. ಅಯೋವಾ ವಿಶ್ವವಿದ್ಯಾಲಯದವರು ಅಲ್ಸರೇಟಿವ್ ಕೊಲೈಟಿಸ್ ಎಂಬ ಕರುಳಿನ ಉರಿಯೂತ ಇದ್ದ 54 ಮಂದಿಯ ಪರೀಕ್ಷೆಯಲ್ಲಿ ಹಂದಿಯ ಚಾಟಿಹುಳುವಿನ ಮೊಟ್ಟೆ ಕುಡಿಸಿದರು. 2005ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮೊಟ್ಟೆ ಕುಡಿದವರಲ್ಲಿ 43%, ಹುಸಿಮದ್ದು ಕುಡಿದವರಲ್ಲಿ 17% ಮಂದಿ ಸುಧಾರಿಸಿದರು. ಕಥೆ ಇಲ್ಲಿಗೇ ನಿಲ್ಲಲಿಲ್ಲ. ಮುಂದೆ ಕ್ರೋನ್ಸ್ ಎಂಬ ಇನ್ನೊಂದು ಕರುಳಿನ ಉರಿಯೂತದ ಸುಮಾರು 250 ರೋಗಿಗಳ ಮೇಲೆ ನಡೆದ, 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಮೊಟ್ಟೆಗೂ ಹುಸಿಮದ್ದಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎಕ್ವಡಾರ್‌ನ ಮಕ್ಕಳಲ್ಲಿ ಚಾಟಿಹುಳು ಇದ್ದವರಿಗೂ ಇಲ್ಲದವರಿಗೂ ಮಲದ ಬ್ಯಾಕ್ಟೀರಿಯಾದಲ್ಲಿ ಭೇದವೇ ಕಾಣಲಿಲ್ಲ ಎಂದು 2013ರ ಅಧ್ಯಯನ ಹೇಳುತ್ತದೆ. ಊರು, ಊಟ, ಹುಳುವಿನ ಜಾತಿ, ಹುಳುವಿನ ಸಂಖ್ಯೆ ಬದಲಾದಂತೆ ಉತ್ತರವೂ ಬದಲಾಗುತ್ತದೆ. ಗೆಳೆತನದ ವಾದ ಈ ಬದಲಾವಣೆಯನ್ನು ಅಳಿಸಿಹಾಕುತ್ತದೆ.

ಹಾಗಾದರೆ ಶಾಲೆಯ ಮಾತ್ರೆ ನಿಲ್ಲಿಸಬೇಕೇ? ಖಂಡಿತ ಬೇಡ. ಕೊಕ್ಕೆಹುಳು ದಿನವೂ ರಕ್ತ ಹೀರುತ್ತದೆ. ರಕ್ತಹೀನತೆ ಮೊದಲೇ ಇರುವ ಹುಡುಗಿಗೆ ಬ್ಯಾಕ್ಟೀರಿಯಾ ವೈವಿಧ್ಯದ ಪಾಠ ಹೇಳಿ ಹುಳು ಉಳಿಸುವುದು ಕ್ರೌರ್ಯ. ಆಲ್ಬೆಂಡಜೋಲ್ ಹೊಡೆಯುವುದು ಹುಳುವಿನ ಜೀವಕೋಶಗಳನ್ನು. ಬ್ಯಾಕ್ಟೀರಿಯಾ ಕೊಲ್ಲಲು ಮಾಡಿದ ಮದ್ದು ಅದಲ್ಲ. ಮಾತ್ರೆಯ ಮೇಲೆ ನನಗೆ ತಕರಾರಿಲ್ಲ, ಮಾತ್ರೆಯಿಂದಲೇ ಎಲ್ಲ ಆಗುತ್ತದೆ ಎಂಬ ನಂಬಿಕೆಯ ಮೇಲೆ ಇದೆ. ಉತ್ತರ ಪ್ರದೇಶದಲ್ಲಿ ಹತ್ತು ಲಕ್ಷ ಪುಟ್ಟ ಮಕ್ಕಳನ್ನು ಒಳಗೊಂಡು ನಡೆದು 2013ರಲ್ಲಿ ಪ್ರಕಟವಾದ ‘ದೇವ್ತಾ’ ಪರೀಕ್ಷೆಯಲ್ಲಿ, ಆರು ತಿಂಗಳಿಗೊಮ್ಮೆ ಕೊಟ್ಟ ಆಲ್ಬೆಂಡಜೋಲ್‌ನಿಂದ ಸಾವಿನ ಪ್ರಮಾಣ ಗಮನಾರ್ಹವಾಗಿ ಇಳಿಯಲಿಲ್ಲ. ಅಲ್ಲಿ ಹುಳುವಿನ ಹೊರೆ ಹಗುರವಾಗಿತ್ತು, ನಿಜ. ಆದರೆ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಮಾಡಿದ 2012ರ ವಿಶ್ಲೇಷಣೆಯಂತೆ, ಚಿಕಿತ್ಸೆಯಾಗಿ ಆರೇ ತಿಂಗಳಲ್ಲಿ ದುಂಡುಹುಳುವಿನ ಸೋಂಕು ಮೊದಲಿದ್ದುದರ ಮೂರನೇ ಎರಡರಷ್ಟಕ್ಕೆ ಮರಳುತ್ತದೆ. ದುಂಡುಹುಳು ಕರುಳಿನೊಳಗೆ ಮರಿಮಾಡಿ ಹೆಚ್ಚುವುದಿಲ್ಲ. ಅದರ ಮೊಟ್ಟೆ ಮಣ್ಣಿನಲ್ಲಿ ಬಲಿತು ಮತ್ತೆ ಬಾಯಿಗೆ ಬರಬೇಕು. ಶೌಚಾಲಯ ಮತ್ತು ನೀರು ಇಲ್ಲದ ಕಡೆ ಮಾತ್ರೆಯ ಕೆಲಸ ಅರ್ಧದಲ್ಲೇ ನಿಲ್ಲುತ್ತದೆ.

ನಿಜವಾಗಿ ಹೆದರಬೇಕಾದ್ದು ನಮ್ಮ ಇನ್ನೊಂದು ಅಭ್ಯಾಸಕ್ಕೆ. ಹೊಟ್ಟೆ ಕೆಟ್ಟ ಕೂಡಲೇ ವೈದ್ಯರ ಚೀಟಿಯಿಲ್ಲದೆ ಮೆಟ್ರೊನಿಡಜೋಲ್, ಇಲ್ಲವೇ ಆಫ್ಲಾಕ್ಸಸಿನ್ ಮತ್ತು ಆರ್ನಿಡಜೋಲ್ ಬೆರೆಸಿದ ಮಾತ್ರೆ ನುಂಗುತ್ತೇವೆ. ಇವು ಪರಾವಲಂಬಿಯ ಜೊತೆಗೆ, ಆಮ್ಲಜನಕವಿಲ್ಲದೆ ಬದುಕುವ ಕರುಳಿನ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತವೆ. ಜಿಯಾರ್ಡಿಯಾದಂಥದ್ದನ್ನು ತಡೆಯುವ ಪಹರೆಯನ್ನು ಹೀಗೆ ಕಾರಣವಿಲ್ಲದೆ ಕಿತ್ತುಹಾಕಿ, ಆಮೇಲೆ ಬಾಟಲಿಯಲ್ಲಿ ಒಂದೆರಡು ಜಾತಿಯ ಬ್ಯಾಕ್ಟೀರಿಯಾ ಕೊಂಡು ಕುಡಿದರೆ ಕಳೆದುಕೊಂಡ ನೂರಾರು ಜಾತಿಗಳು ಮರಳುವುದಿಲ್ಲ.

ಆದ್ದರಿಂದ ಓದುಗರಲ್ಲಿ ಕೇಳುವುದಿಷ್ಟು: ಮಕ್ಕಳಿಗೆ ಜಂತುಹುಳು ಮಾತ್ರೆ ತಪ್ಪಿಸಬೇಡಿ, ಅದರ ಜೊತೆಗೆ ಶಾಲೆಯಲ್ಲಿ ನೀರು, ಶೌಚಾಲಯ ಇದೆಯೇ ಎಂದು ಕೇಳಿ. ಭೇದಿಯಾದರೆ ಮೊದಲು ಓಆರ್‌ಎಸ್ ಕುಡಿಸಿ, ಮಲದಲ್ಲಿ ರಕ್ತ ಕಂಡರೆ ಇಲ್ಲವೇ ಜ್ವರ ಬಂದರೆ ವೈದ್ಯರ ಹತ್ತಿರ ಹೋಗಿ, ಪರೀಕ್ಷೆಯಾಗದೆ ಮೆಟ್ರೊನಿಡಜೋಲ್ ಮುಟ್ಟಬೇಡಿ.