ನಂಟಿನ ಪರಿಶೀಲನೆ: ಬೂದಿಕೋಟೆಯ ಕನ್ನಡದ ನೆಪದಲ್ಲಿ

ಸಂಶೋಧನ ಲೇಖನಗಳ ಕೊನೆಯಲ್ಲಿ ಅಚ್ಚಾಗುವ ‘ಹಿತಾಸಕ್ತಿ ಸಂಘರ್ಷವಿಲ್ಲ’ ಎಂಬ ಘೋಷಣೆ ಭಾಷಾವಿಜ್ಞಾನದಲ್ಲಿ ಬಹುಮಟ್ಟಿಗೆ ನಿರರ್ಥಕವೆಂಬುದು ನಮ್ಮ ವಾದ. ಪ್ರಕಟಣಾ ನೀತಿಯ ಸಮಿತಿಯಾದ ‘ಕೋಪ್’ ಅನ್ನು 1997ರಲ್ಲಿ ಕಟ್ಟಿದವರು ವೈದ್ಯಕೀಯ ಪತ್ರಿಕೆಗಳ ಸಂಪಾದಕರು; ಅಲ್ಲಿ ಔಷಧ ಕಂಪನಿಗಳ ಹಣ ದೊಡ್ಡ ಪ್ರಶ್ನೆ. ನಮ್ಮಲ್ಲಿ ಹಣ ಕಡಿಮೆ, ನಂಟು ಹೆಚ್ಚು.

ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯ ಕನ್ನಡವನ್ನು ಕುರಿತು ಸಂಶೋಧನಾರ್ಥಿಯೊಬ್ಬರ ಲೇಖನ ಬಂದಿತೆನ್ನೋಣ. ತೆಲುಗಿನ ನೆರೆಯನ್ನೂ ಕೆ.ಜಿ.ಎಫ್. ಗಣಿಗಳೊಡನೆ ಬಂದ ತಮಿಳನ್ನೂ ಒಟ್ಟಿಗೆ ಬಲ್ಲ ಪರಿಶೀಲಕರು ಬೆರಳೆಣಿಕೆಯಷ್ಟು. ಒಬ್ಬರು ಲೇಖಕರ ಮಾರ್ಗದರ್ಶಕರು, ಇನ್ನೊಬ್ಬರು ಸಹಪಾಠಿ, ಮೂರನೆಯವರು ಅದೇ ಸೀಮೆಯಲ್ಲಿ ದತ್ತಾಂಶ ಸಂಗ್ರಹಿಸಿ ಇನ್ನೂ ಪ್ರಕಟಿಸದವರು. ಲೇಖಕರ ಹೆಸರನ್ನು ಮರೆಮಾಚಿ ಪ್ರಯೋಜನವಿಲ್ಲ. ಊರಿನ ಹೆಸರೇ ಅವರನ್ನು ಹಿಡಿದುಕೊಡುತ್ತದೆ. ಮೂವರನ್ನೂ ಹೊರಗಿಟ್ಟರೆ ಮಿಕ್ಕವರಿಗೆ ಆ ಮಾತಿನ ಗಂಧವಿರುವುದಿಲ್ಲ.

ಮಾರ್ಗದರ್ಶಕರನ್ನು ಕೈಬಿಡುವುದು ಸುಲಭ, ತೊಡಕಿರುವುದು ಮೂರನೆಯವರಲ್ಲಿ. ಲೇಖನದ ದೋಷವನ್ನು ಕಾಣಬಲ್ಲವರೂ ಅವರೇ, ಅದು ತಡವಾದರೆ ಲಾಭ ಪಡೆಯುವವರೂ ಅವರೇ. ಅವರ ಅಭಿಪ್ರಾಯವನ್ನು ಸಂಪಾದಕರು ಪಡೆಯಲಿ. ಆದರೆ ಆ ಸ್ಪರ್ಧೆಯನ್ನು ಲಿಖಿತವಾಗಿ ದಾಖಲಿಸಿ, ಗಡುವು ವಿಧಿಸಿ, ತೆಲುಗು ಅಥವಾ ತಮಿಳಿನ ಉಪಭಾಷಾತಜ್ಞರೊಬ್ಬರ ವರದಿಯನ್ನೂ ತರಿಸಿಕೊಳ್ಳಲಿ. ಲೇಖನ ಸಂಪಾದಕರ ಸ್ವಂತ ವಿದ್ಯಾರ್ಥಿಯದಾದರೆ (ಇದು ವಿರಳವೇನಲ್ಲ) ಕಡತವೇ ಬೇರೆಯವರ ಕೈಗೆ ಹೋಗತಕ್ಕದ್ದು.

ಯು.ಜಿ.ಸಿ. 2019ರಲ್ಲಿ ಪ್ರಕಟಿಸಿದ ‘ಕೇರ್’ ಪಟ್ಟಿಯ ವ್ಯವಸ್ಥೆಯನ್ನು 2025ರಲ್ಲಿ ಕೈಬಿಟ್ಟಿದೆ. ಪತ್ರಿಕೆಗಳನ್ನು ತೂಗುವ ಹೊಣೆ ಈಗ ವಿಶ್ವವಿದ್ಯಾಲಯಗಳದು. ಅವು ಮೊದಲು ಕೇಳಬೇಕಾದದ್ದು ಈ ದಾಖಲೆಯನ್ನೇ.