ಉಳಿಗೆ ಮೊನೆ ಮಾಡೋರು ಯಾರು?

ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ಶಿಲ್ಪಿಗಳ ಊರು. ಅಲ್ಲಿ ಕಲ್ಲು ಕೆತ್ತೋರು ಉಳಿ, ಸುತ್ತಿಗೆ, ಕಟರ್ ಬ್ಲೇಡು ಎಲ್ಲಾನೂ ದುಡ್ಡು ಕೊಟ್ಟೇ ತರಬೇಕು. ವಿಗ್ರಹದ ಬೆಲೆಯಲ್ಲಿ ಆ ಖರ್ಚೂ ಸೇರಿರುತ್ತೆ. ಅಲ್ಲಿಂದ ಬಹಳ ದೂರವೇನೂ ಇಲ್ಲದ ಬೆಂಗಳೂರಿನಲ್ಲಿ ಲಕ್ಷಗಟ್ಟಲೆ ಸಂಬಳ ಎಣಿಸೋ ಪ್ರೋಗ್ರಾಮರ್‌ಗೆ ಮಾತ್ರ, ದಿನಾ ಬಳಸೋ ಎಡಿಟರ್‌ಗೆ ದುಡ್ಡು ಕೊಡಿ ಅಂದ್ರೆ ಮುಖ ಸಿಂಡರಿಸುತ್ತೆ.

ಅವರ ವಾದ ಹೀಗೆ: ಉಳಿ ಸವೆಯುತ್ತೆ, ಸಾಫ್ಟ್‌ವೇರ್ ಸವೆಯಲ್ಲ. ಇನ್ನೊಂದು ಕಾಪಿ ಮಾಡೋಕೆ ಏನು ಖರ್ಚು?

ಅರ್ಧ ಸತ್ಯ. ಸಾಫ್ಟ್‌ವೇರ್ ಇದ್ದ ಹಾಗೇ ಇರುತ್ತೆ, ಸುತ್ತಲಿನ ಜಗತ್ತು ಬದಲಾಗುತ್ತೆ. ಕನ್ನಡದವರಿಗೆ ಇದನ್ನ ಬಿಡಿಸಿ ಹೇಳಬೇಕಾ? ಯುನಿಕೋಡ್ ಬಂದ ಮೇಲೆ ಹಳೇ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ್ದ ಕಡತಗಳನ್ನ ಓದೋಕೆ ಕನ್ವರ್ಟರ್ ಬೇಕಾಯ್ತು. ಆ ಕೆಲಸಾನ ಯಾರೋ ರಾತ್ರಿ ನಿದ್ದೆಗೆಟ್ಟು ಮಾಡಿದ್ದಾರೆ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸಾನ ನಾವೆಲ್ಲ ಒಂದು ಪೈಸೆ ಕೊಡದೆ ಬಳಸ್ತೀವಿ. 1998ರಲ್ಲಿ ಬಂದ ಶೇಷಾದ್ರಿವಾಸು ಅವರ 'ಬರಹ'ವನ್ನೂ ವರ್ಷಗಟ್ಟಲೆ ಬಿಟ್ಟಿಯಾಗೇ ಬಳಸಿದ್ವಿ. ಮುಂದೆ ಅದಕ್ಕೆ ಬೆಲೆ ಇಟ್ಟಾಗ 'ಕನ್ನಡಕ್ಕೂ ದುಡ್ಡಾ?' ಅಂತ ಕೇಳೋದು ಸುಲಭ. ಇಷ್ಟು ದಿನ ಅದರ ಖರ್ಚು ಯಾರ ಜೇಬಿಂದ ಹೋಯ್ತು ಅಂತ ಕೇಳೋದೇ ಕಷ್ಟ.

ಹೊರಗಡೆ ಕಥೇನೂ ಇದೇ. 2014ರಲ್ಲಿ ಹಾರ್ಟ್‌ಬ್ಲೀಡ್ ದೋಷ ಬಯಲಾದಾಗ ಒಂದು ವಿಷಯ ಹೊರಬಿತ್ತು: ಇಂಟರ್ನೆಟ್ಟಿನ ಅರ್ಧಕ್ಕರ್ಧ ಬೀಗ ಕಾಯ್ತಿದ್ದ ಓಪನ್‌ಎಸ್‌ಎಸ್‌ಎಲ್‌ಗೆ ಬರ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2,000 ಡಾಲರ್. ಅದನ್ನ ಬಳಸಿ ಕೋಟಿ ಕೋಟಿ ಗಳಿಸಿದ ಕಂಪನಿಗಳಿಗೆ ಲೆಕ್ಕಾನೇ ಇಲ್ಲ.

ಹಾಗಂತ ಎಲ್ಲರೂ ಕೊಡಲಿ ಅನ್ನೋದೂ ತಪ್ಪು. ಮಾಲೂರಿನ ಕಾಲೇಜಲ್ಲಿ ಕೋಡಿಂಗ್ ಕಲಿಯೋ ಹುಡುಗಿ ಹತ್ರ ಲೈಸೆನ್ಸ್ ಫೀಸು ಕೇಳಿದ್ರೆ ಅವಳು ಕಲಿಯೋದನ್ನೇ ಬಿಡ್ತಾಳೆ. ಮುಕ್ತ ತಂತ್ರಾಂಶ ಇರೋದೇ ಅವಳಂಥವರಿಗೆ. 2021ರಲ್ಲಿ ಡಾಕರ್ ಡೆಸ್ಕ್‌ಟಾಪ್ ಹಾಕಿದ ಗೆರೆ ನನಗೆ ಸರಿ ಕಾಣುತ್ತೆ: ಕಲಿಯೋರಿಗೆ, ಸಣ್ಣವರಿಗೆ ಬಿಟ್ಟಿ, 250 ಜನಕ್ಕಿಂತ ದೊಡ್ಡ ಕಂಪನಿ ದುಡ್ಡು ಕಟ್ಟಬೇಕು. ಮುಕ್ತ ತಂತ್ರಾಂಶಕ್ಕೆ ಹೀಗೆ ಷರತ್ತು ಹಾಕೋಕಾಗಲ್ಲ, ಅಲ್ಲಿ ಕಂಪನಿಗಳೇ ಮನಸ್ಸು ಮಾಡಬೇಕು. ಬೆಂಗಳೂರಿನ ಝೆರೋಧಾ 2024ರಲ್ಲಿ ಅಂಥ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ಕೊಡೋ ನಿಧಿ ಶುರು ಮಾಡ್ತು. ಇದನ್ನ ದಾನ ಅಂತ ಹೊಗಳೋದು ಬೇಡ. ಬಳಸಿದ್ದಕ್ಕೆ ಬಾಕಿ ತೀರಿಸೋದು ಅಂತ ಕರೆದ್ರೆ ಸಾಕು, ಉಳಿದ ಕಂಪನಿಗಳಿಗೂ ತಮ್ಮ ಬಾಕಿ ನೆನಪಾಗಬಹುದು.

ಮೊಂಡಾದ ಉಳೀನ ಕುಲುಮೇಲಿ ಕಾಯಿಸಿ, ಬಡಿದು, ಮತ್ತೆ ಮೊನೆ ಮಾಡಬೇಕು. ಆ ಕೂಲಿ ಉಳಿಸಿದೋರು ಕಲ್ಲು ಹಾಳು ಮಾಡ್ತಾರೆ. ನಿಮ್ಮ ಮುಂದಿನ ಅಪ್ರೈಸಲ್ ಮೀಟಿಂಗಲ್ಲಿ ಸಂಬಳದ ಜೊತೆ ಇದನ್ನೂ ಕೇಳಿ ನೋಡಿ: ನಾವು ಬಳಸೋ ತಂತ್ರಾಂಶಗಳಿಗೆ ಈ ವರ್ಷ ಕಂಪನಿ ಎಷ್ಟು ಕೊಡ್ತು?