ಮೆಡೋಸ್ ಟೇಲರನ ಆತ್ಮಕಥೆ: ಒಲ್ಲದ ಲೇಖಕ, ಒಪ್ಪುವ ಬರಹ

ಫಿಲಿಪ್ ಮೆಡೋಸ್ ಟೇಲರನ ಆತ್ಮಕಥೆ ‘ದಿ ಸ್ಟೋರಿ ಆಫ್ ಮೈ ಲೈಫ್’ ಪ್ರಕಟವಾದದ್ದು 1877ರಲ್ಲಿ, ಆತನ ಮರಣದ ಮರುವರ್ಷ; ಸಂಪಾದಿಸಿದವಳು ಮಗಳು. ಸುರಪುರದ ಬೇಡ ಅರಸುಮನೆತನದ ಕೊನೆಯ ದಿನಗಳನ್ನು ಅಭ್ಯಸಿಸುವವರಿಗೆ ಈ ಕೃತಿಯನ್ನು ಬದಿಗಿಡಲು ಬರುವುದಿಲ್ಲ. ಅದರ ಕರ್ತೃವನ್ನು ಮೆಚ್ಚಲೂ ಬರುವುದಿಲ್ಲ.

1853ರವರೆಗೆ ಟೇಲರ್ ಬಾಲ ಅರಸ ವೆಂಕಟಪ್ಪ ನಾಯಕನ ಪರವಾಗಿ ಸಂಸ್ಥಾನವನ್ನು ಆಳಿದನು. ಈ ಭಾಗದಲ್ಲಿ ಆತನ ಆತ್ಮತೃಪ್ತಿ ಅಸಹನೀಯ. ಪ್ರಜೆಗಳ ಪ್ರೀತಿಗೆ ಆತನೇ ಸಾಕ್ಷಿ, ಆತನೇ ನ್ಯಾಯಾಧೀಶ. ರಾಣಿ ಈಶ್ವರಮ್ಮನ ಖಾಸಗಿ ಬದುಕನ್ನು ಕಟಕಟೆಗೆ ತಂದು ನಿಲ್ಲಿಸುತ್ತಾನೆ. ಆಕೆಗೆ ಮರುಮಾತಿನ ಅವಕಾಶವಿಲ್ಲ. ಹೆಣ್ಣಾಳ್ವಿಕೆಯ ಕುರಿತ ವಸಾಹತುಶಾಹಿ ಪೂರ್ವಗ್ರಹವೆಂದಷ್ಟೇ ಹೇಳಿ ಇದನ್ನು ಮುಗಿಸಲಾಗದು. ಇದರಲ್ಲಿ ಅಧಿಕಾರಕ್ಕಾಗಿ ಪೈಪೋಟಿಗಿಳಿದವನ ಕಹಿಯೂ ಇದೆ.

ಆದರೆ 1858ರ ಬಂಡಾಯ ಸೋತು ಅರಸನು ಸೆರೆಯಾದ ಮೇಲಿನ ಪ್ರಸಂಗದಲ್ಲಿ ಬರಹದ ಗತಿಯೇ ಬೇರೆ. ಬಂದಿಯಾದ ಯುವಕ ಟೇಲರನನ್ನು ಬಾಲ್ಯದ ರೂಢಿಯಂತೆ ‘ಅಪ್ಪಾ’ ಎಂದೇ ಕರೆಯುತ್ತಾನೆ. ಪ್ರಚೋದಿಸಿದವರ ಹೆಸರು ಹೇಳಿ ಜೀವ ಉಳಿಸಿಕೊಳ್ಳಲು ಒಪ್ಪುವುದಿಲ್ಲ. ನೇಣು ಬೇಡ, ತೋಪಿನ ಬಾಯಿಗೆ ಕಟ್ಟಿದರೆ ಸಾಕೆನ್ನುತ್ತಾನೆ. ಈ ಮಾತುಗಳು ಇಂಗ್ಲಿಷಿಗೆ ಇಳಿದು, ವರ್ಷಗಳ ನೆನಪಿನಲ್ಲಿ ಸೋಸಿ ನಮಗೆ ತಲುಪಿವೆಯೆಂಬುದನ್ನು ಮರೆಯಬಾರದು. ಆದರೂ ‘ಅಪ್ಪಾ’ ಎಂಬ ಒಂದು ಪದವನ್ನು ಅನುವಾದಿಸದೆ ಉಳಿಸಿಕೊಂಡ ಕಿವಿ ಸಾಮಾನ್ಯವಾದುದಲ್ಲ. ಆ ಕರೆಯೊಳಗೆ ಟೇಲರನ ಪಿತೃತ್ವದ ಹೆಮ್ಮೆಯೂ ಇದೆ, ಅದರ ಸೋಲೂ ಇದೆ. ಓದುಗನ ಮನಸ್ಸು ನಿರೂಪಕನನ್ನು ಬಿಟ್ಟು ಬಂದಿಯ ಪಕ್ಷ ವಹಿಸುತ್ತದೆ; ಹಾಗೆ ಒಯ್ಯುವುದು ನಿರೂಪಕನ ವಾಕ್ಯಗಳೇ.

ಜಾನಪದ ವಿದ್ವಾಂಸರು ಗಮನಿಸಬೇಕಾದ ಇನ್ನೊಂದು ಅಂಶ ಅರಸನ ಜಾತಕ. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಮರಣವೆಂಬ ಭವಿಷ್ಯ ಕೆಲವರಿಗಷ್ಟೇ ತಿಳಿದ ಗುಟ್ಟು. ಮರಣದಂಡನೆ ಸೆರೆವಾಸಕ್ಕೆ ಇಳಿದಾಗ ಜಾತಕ ಸುಳ್ಳಾಯಿತೆಂಬ ಸಮಾಧಾನ. ಅಷ್ಟರಲ್ಲಿ ದಾರಿಯಲ್ಲೇ ಗುಂಡೇಟಿನಿಂದ ಅರಸನ ಸಾವು. ಮುನ್ಸೂಚನೆ, ತಪ್ಪಿಸಿಕೊಂಡ ಭ್ರಮೆ, ನೆರವೇರಿಕೆ: ಇದು ನಮ್ಮ ವಿಧಿಕಥೆಗಳ ನಡೆ. ಕಂದಾಯ, ಕಾನೂನುಗಳ ಲೆಕ್ಕಿಗ ಇಲ್ಲಿ ಕಥೆಗಾರನಾಗುತ್ತಾನೆ. ಎಷ್ಟು ಆಗಿದ್ದುದು, ಎಷ್ಟು ಹೊಂದಿಸಿದ್ದು ಎಂಬ ಅನುಮಾನ ಸಹಜವೇ.

1909ರಲ್ಲಿ ವಿ. ಡಿ. ಸಾವರ್ಕರರು 1857ರ ಕುರಿತ ತಮ್ಮ ಗ್ರಂಥದಲ್ಲಿ ಈ ಅರಸನನ್ನು ಸ್ವಾತಂತ್ರ್ಯವೀರನೆಂದು ಚಿತ್ರಿಸುವಾಗ ಆಧರಿಸಿದ್ದೂ ಟೇಲರನ ಈ ಸೆರೆಮನೆ ಪ್ರಸಂಗವನ್ನೇ.